ಐದು ಗಂಟೆಗೆ ಐದೇ ಹೊಡೆದ ಗಡಿಯಾರದವರಿಗೆ

ಇವರಿಗೆ,
ಶ್ರೀಯುತ ಸೌರ ಗಡಿಯಾರದವರು,
ಶಾಸನಸಭೆಯ ಮಾಜಿ ಗಡಿಯಾರ,
ಹಾಲಿ ವಾಸ: ನಮ್ಮ ಅತ್ತಿಗೆಯ ಮೊಟ್ಟೆ ಕೋಣೆಯ ಗೋಡೆ, ಮೊದಲನೆಯ ಮಹಡಿ.

ಮಾನ್ಯರೇ,

ಸಮಯಪಾಲನೆಯಲ್ಲಿ ಅದ್ವಿತೀಯರೂ, ಲಂಚಕ್ಕೆ ಚಾಚಲು ಕೈಗಳೇ ಇಲ್ಲದೆ ಬರೀ ಮೂರು ಮುಳ್ಳುಗಳಿಂದಲೇ ಸಾರ್ವಜನಿಕ ಜೀವನ ನಡೆಸಿದವರೂ, ಒಂದೇ ಒಂದು ದಿನ ರಜೆ ಹಾಕದೆ, ಪ್ರವಾಸ ಭತ್ಯೆ ಕೇಳದೆ, ಕೂತ ಜಾಗ ಬಿಟ್ಟು ಅಲುಗಾಡದೆ ಶಾಸನಸಭೆಯಲ್ಲಿ ಇಡೀ ಒಂದು ಅಧಿವೇಶನ ಕಳೆದ ಏಕೈಕ ಮಹನೀಯರೂ ಆದ ತಮ್ಮ ದುಂಡು ಮುಖಕ್ಕೆ, ‘ಮೇಲ್ಮಹಡಿ ಬಿಸಿಲು ಹೋರಾಟ ಸಮಿತಿ’ಯ ಕಾರ್ಯದರ್ಶಿಯೂ ಬೋರ್ಡು ಬರೆಯುವ ಕಸುಬಿನವನೂ ಆದ ನಾನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ಎರಡೂ ಕೈ ಎಂದದ್ದು ಬರೀ ಮರ್ಯಾದೆಗೆ. ಒಂದು ಕೈ ಸದ್ಯ ಮೊಟ್ಟೆಯ ತಟ್ಟೆ ಹಿಡಿದುಕೊಂಡಿದೆ. ಪತ್ರದ ಆರಂಭದಲ್ಲಿ ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆ. ನಾನು ಕೇಳುವುದಿಲ್ಲ. ತಾವು ಕ್ಷೇಮವಾಗಿಯೇ ಇದ್ದೀರಿ, ಅದೇ ನಮ್ಮ ದೂರು.

ಎದುರಿಗೇ ನೇತಾಡುತ್ತಿರುವವರಿಗೆ ಪತ್ರವೇಕೆ, ತಲೆ ಎತ್ತಿ ಬೈದರೆ ಸಾಲದೇ ಎಂದು ನಮ್ಮ ಅತ್ತಿಗೆ ಕೇಳಿದರು. ತಲೆ ಎತ್ತಿ ಬೈಯುವುದೆಲ್ಲ ಮುಗಿದಿದೆ. ನಾವು ಬೈದೆವು, ತಾವು ಟಿಕ್ ಎಂದಿರಿ; ಇನ್ನಷ್ಟು ಬೈದೆವು, ಇನ್ನೊಮ್ಮೆ ಟಿಕ್ ಎಂದಿರಿ; ಜಪ್ಪಯ್ಯ ಎಂದರೂ ಒಂದು ಸೆಕೆಂಡು ಕೂಡ ನಾಚಿ ನಿಲ್ಲಲಿಲ್ಲ. ಆದ್ದರಿಂದಲೇ ಈ ಬಹಿರಂಗ ಪತ್ರ. ಅಕ್ಷರಗಳು ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಈ ಊರಿನ ಅರ್ಧ ಅಂಗಡಿಗಳ ಹೆಸರು ಬರೆದ ಕೈ ಇದು, ಗೆರೆ ಎಳೆಯದೆ ನೇರ ಬರೆಯುತ್ತದೆ. ಆದರೆ ಇವತ್ತು ಮೂರೂವರೆಗೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿರುವುದರಿಂದ ನನ್ನ ತೊಡೆಯ ಮೇಲೆ ಮೊಟ್ಟೆಗಳ ತಟ್ಟೆ, ತಟ್ಟೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಈ ಕಾಗದ ಇದೆ. ಕೆಳಗೆ ಯಾವುದೋ ಒಂದು ಮೊಟ್ಟೆಯೊಳಗೆ ಯಾರೋ ಮಗ್ಗುಲು ಬದಲಾಯಿಸುತ್ತಿದ್ದಾರೆ ಎಂದು ನನಗೆ ಅನುಮಾನ. ಒತ್ತಿ ಬರೆಯಲು ಧೈರ್ಯ ಸಾಲದು.

ತಾವು ಹೊಸಬರಾದ್ದರಿಂದ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮದು ಬಾಡಿಗೆದಾರರೇ ತುಂಬಿರುವ ಒಂದು ಕಟ್ಟಡ. ಕೆಳಗೆ ಹಲ್ಲಿನ ಡಾಕ್ಟರು. ಮೊದಲನೆಯ ಮಹಡಿಯಲ್ಲಿ ಅಣ್ಣ, ಅತ್ತಿಗೆ ಮತ್ತು ನಾನು. ಅದರ ಮೇಲೆ ಇನ್ನೂ ನಾಲ್ಕು ಸಂಸಾರ. ಎಲ್ಲಕ್ಕೂ ಮೇಲೆ ಬೋಳು ಬೋಳಾದ ಒಂದು ತಾರಸಿ, ಅದರ ಮೇಲೆ ಯಾರಿಗೂ ಬೇಡವಾಗಿ ಬಿದ್ದಿರುವ ಬಿಸಿಲು. ಅಣ್ಣ ಬಸ್ ಓಡಿಸುತ್ತಾರೆ, ಮನೆಗೆ ಬರುವುದು ನೆಂಟರ ಹಾಗೆ. ಅತ್ತಿಗೆಯದು ಕಾವಿನ ಪೆಟ್ಟಿಗೆಯ ಕಸುಬು. ತಾಯಿಕೋಳಿಯ ಕೆಲಸವನ್ನು ಕರೆಂಟಿನಿಂದ ಮಾಡಿಸುವ ಆ ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟು, ಹೊತ್ತು ಹೊತ್ತಿಗೆ ತಿರುಗಿಸಿ, ಮರಿ ಮಾಡಿ ಮಾರುತ್ತಾರೆ. ತಾಯಿಕೋಳಿಗೂ ಕರೆಂಟಿಗೂ ಇರುವ ವ್ಯತ್ಯಾಸವೆಂದರೆ ತಾಯಿಕೋಳಿ ಹೇಳದೆ ಕೇಳದೆ ಎದ್ದು ಹೋಗುವುದಿಲ್ಲ. ನಮ್ಮ ಬೀದಿಯ ಕರೆಂಟ್ ದಿನಾ ಹೋಗುತ್ತದೆ, ಅದೂ ಬಿಸಿಲು ನೆತ್ತಿ ಸುಡುವ ಹೊತ್ತಿಗೇ ಹೋಗುತ್ತದೆ. ಮೇಲೆ ತಾರಸಿಯಲ್ಲಿ ಹಪ್ಪಳ ಸುಡಬಹುದಾದಷ್ಟು ಬಿಸಿಲು ಸುರಿಯುತ್ತಿರುವಾಗ, ಕೆಳಗೆ ನಾವು ಮನೆಮಂದಿಯೆಲ್ಲ ಮೊಟ್ಟೆಗಳನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಸೂತಕದ ಮನೆಯವರ ಹಾಗೆ ಮುಖ ಮಾಡಿಕೊಂಡು ಕೂತಿರುತ್ತೇವೆ. ಇನ್ವರ್ಟರ್ ತರಲಿಲ್ಲವೇ ಎಂದು ಕೇಳಬೇಡಿ. ತಂದೆವು. ಕಾವಿನ ಪೆಟ್ಟಿಗೆಯನ್ನು ನೋಡಿದ್ದೇ ಅದಕ್ಕೆ ಸುಸ್ತಾಯಿತು.

ಹಾಗಾಗಿ ಕಟ್ಟಡದವರೆಲ್ಲ ಸೇರಿ ಸೌರ ಫಲಕಗಳನ್ನು ಕೊಂಡೆವು. ಕೊಂಡ ಮೇಲೆ ತಿಳಿದದ್ದೇನೆಂದರೆ, ಈಗಿರುವ ಕಾನೂನಿನ ಪ್ರಕಾರ ಒಂದು ತಾರಸಿಯ ಬಿಸಿಲು ಒಂದೇ ಹೆಸರಿಗೆ, ಒಂದೇ ಮೀಟರಿಗೆ ಸೇರಬೇಕು. ಆರು ಮನೆಯವರು ಹಂಚಿಕೊಂಡರೆ ಅದು ಅಪರಾಧ. ಒಂದೇ ಬಾವಿಯ ನೀರು ಆರು ಮನೆಯವರು ಸೇದಬಹುದು, ಒಂದೇ ದಿನಪತ್ರಿಕೆಯನ್ನು ಆರು ಮನೆಯವರು ಓದಬಹುದು (ಓದುತ್ತೇವೆ, ಡಾಕ್ಟರದ್ದು), ಬಿಸಿಲು ಮಾತ್ರ ಹಂಚಿಕೊಳ್ಳುವ ಹಾಗಿಲ್ಲ. ಹೀಗಾಗಿ ನಮ್ಮ ಫಲಕಗಳು ಇವತ್ತಿಗೂ ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಒರಗಿ ನಿಂತಿವೆ. ಮೂರನೇ ಮಹಡಿಯವರು ಕೆಲಸಕ್ಕೆ ಹೋಗುವಾಗ ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳುತ್ತಾರೆ. ಅಷ್ಟರ ಮಟ್ಟಿಗೆ ಸೌರಶಕ್ತಿ ನಮ್ಮ ಬದುಕಿಗೆ ಬೆಳಕು ತಂದಿದೆ.

ಆಗ ಹುಟ್ಟಿದ್ದು ನಮ್ಮ ಸಮಿತಿ. ಹಲ್ಲಿನ ಡಾಕ್ಟರೇ ಅಧ್ಯಕ್ಷರು. ಅವರ ಸಿಟ್ಟು ನಮ್ಮೆಲ್ಲರಿಗಿಂತ ಹೆಚ್ಚಿನದು, ಏಕೆಂದರೆ ಕರೆಂಟ್ ಹೋಗುವಾಗ ಅವರ ಯಂತ್ರ ಯಾವಾಗಲೂ ಯಾರದಾದರೂ ಹಲ್ಲಿನ ಅರ್ಧದಲ್ಲಿರುತ್ತದೆ. ಹಾಗೆ ಬಾಯಿ ತೆರೆದು ಕೂತವರ ಮುಂದೆ ಅವರು ಸದಸ್ಯತ್ವದ ಪುಸ್ತಕ ಹಿಡಿದು “ಸೇರ್ತೀರಾ?” ಎಂದು ಕೇಳುತ್ತಾರೆ, “ಆ” ಎಂದರೆ ಹೆಸರು ಬರೆದುಕೊಳ್ಳುತ್ತಾರೆ. ಈವರೆಗೆ ಯಾರೂ ಬೇರೆ ಏನನ್ನೂ ಅಂದಿಲ್ಲ. ಹೀಗೆ ನಮ್ಮದು ಊರಿನಲ್ಲೇ ಅತಿ ದೊಡ್ಡ ಸಂಘಟನೆಯಾಯಿತು. ತಾರಸಿ ಬಿಸಿಲನ್ನು ಹಂಚಿಕೊಳ್ಳಲು ಅನುಮತಿ ಕೊಡುವ ಮಸೂದೆಯೊಂದು ಶಾಸನಸಭೆಯಲ್ಲಿ ಧೂಳು ತಿನ್ನುತ್ತಿದೆ ಎಂದು ತಿಳಿದು, ಅದನ್ನು ಪಾಸು ಮಾಡಿಸಲು ನಾವು ಮಾಡದ ಕಸರತ್ತಿಲ್ಲ. ನಾನು ಬರೆದ ಘೋಷಣೆಯ ಫಲಕಗಳ ಅಕ್ಷರದ ಅಂದ ನೋಡಿ ಇಬ್ಬರು ಶಾಸಕರು ತಮ್ಮ ಮನೆಯ ಬೋರ್ಡು ಬರೆಸಿಕೊಂಡರು. ಫಲಕದಲ್ಲಿ ಏನು ಬರೆದಿತ್ತೆಂದು ಇಬ್ಬರೂ ಓದಲಿಲ್ಲ. ಸಭಾಭವನದ ಎದುರು ನಿಂತು, ಕೈಗನ್ನಡಿ ಹಿಡಿದು, ಕಿಟಕಿಯೊಳಕ್ಕೆ ಬಿಸಿಲು ಬಿಟ್ಟೆವು; ಪಾಸ್ ಇಲ್ಲದೆ ಬಿಸಿಲನ್ನು ಒಳಗೆ ಕಳಿಸಿದ್ದಕ್ಕೆ ಕಾವಲಿನವರು ಕನ್ನಡಿಗಳನ್ನು ವಶಪಡಿಸಿಕೊಂಡರು. ಇಂಧನ ಮಂತ್ರಿಗಳಿಗೆ ಅತ್ತಿಗೆ ಎರಡು ಕೋಳಿಮರಿಗಳನ್ನು ಕಾಣಿಕೆ ಕೊಟ್ಟರು. ಅವು ಈಗ ದೊಡ್ಡವಾಗಿ ಮಂತ್ರಿಗಳ ಹುಲ್ಲುಹಾಸನ್ನು ಕೆದರುತ್ತಿವೆಯೆಂದು ಸಚಿವಾಲಯದಿಂದ ದೂರು ಬಂತು.

ಕೊನೆಗೆ ಹೊಳೆದದ್ದೇ ತಾವು. ಶಾಸನಸಭೆಯ ಹಳೆಯ ಗಡಿಯಾರ ಮುದಿಯಾಗಿದೆ, ಹೊಸದನ್ನು ದಾನ ಕೊಡುವವರಿದ್ದರೆ ಸ್ವಾಗತ ಎಂಬ ಪ್ರಕಟಣೆ ನೋಡಿ ನಮ್ಮ ಸಮಿತಿ ಕುಣಿದಾಡಿಬಿಟ್ಟಿತು. ಸಭೆಯ ದೀಪದ ಬೆಳಕನ್ನೇ ಉಂಡು ನಡೆಯುವ, ಕತ್ತಲಲ್ಲಿ ಬಿಟ್ಟರೂ ತಿಂಗಳುಗಟ್ಟಲೆ ಓಡುವ, ಹಿಂಬದಿ ಪೂರ್ತಿ ಮುಚ್ಚಿರುವ, ಸೆಲ್ಲೂ ಇಲ್ಲದ, ಮುಳ್ಳು ತಿರುಗಿಸುವ ತಿರುಪೂ ಇಲ್ಲದ, ಗಂಟೆಗೊಮ್ಮೆ ಗಂಟಲು ಬಿಚ್ಚಿ ಹೊಡೆಯುವ ತಮ್ಮನ್ನು ಹುಡುಕಿ ಹುಡುಕಿ ಆರಿಸಿದವರು ನಾವೇ. ಅಂಗಡಿಯವನು, “ಇದಕ್ಕೆ ಯಾರೂ ಕೈ ಹಾಕೋಕೆ ಆಗಲ್ಲ ಸಾರ್, ತಯಾರು ಮಾಡಿದೋನಿಗೂ ಆಗಲ್ಲ” ಎಂದು ಹೇಳಿದಾಗ ಡಾಕ್ಟರು ನನ್ನನ್ನು ತಬ್ಬಿಕೊಂಡಿದ್ದರು. ತಮ್ಮ ಮುಖದ ಕೆಳಗೆ ನಾನೇ, ನನ್ನ ಅತಿ ಸಣ್ಣ ಕುಂಚದಿಂದ, ‘ಬಿಸಿಲಿಗೆ ರಜೆಯಿಲ್ಲ’ ಎಂದು ಬರೆದೆ. ದಿನಾ ತಮ್ಮನ್ನು ನೋಡಿ ನೋಡಿ ಶಾಸಕರ ಮನಸ್ಸು ಕರಗುತ್ತದೆ ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು. ಕರಗಿತು ಕೂಡ! ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಕೆಟ್ಟದ್ದೆಲ್ಲಿ ಎಂದರೆ, ಆ ಸಭೆಗೊಂದು ಸಂಪ್ರದಾಯವಿರುವುದು ನಮಗೆ ಗೊತ್ತಿರಲಿಲ್ಲ. ಯಾವ ದಿನವೂ ಐದಾಗದೆ ಸಭೆ ಏಳಬಾರದು, ಅಧಿವೇಶನದ ಕೊನೆಯ ದಿನವಂತೂ ಐದು ಗಂಟೆಗೆ ಸಭೆ ಮುಗಿಯಲೇಬೇಕು, ಅಷ್ಟರೊಳಗೆ ಪಾಸಾಗದ ಮಸೂದೆ ಬಿದ್ದುಹೋದಂತೆ ಎಂಬುದು ನಿಯಮ. ಕೆಲಸವನ್ನು ಕೊನೆಯ ಗಳಿಗೆವರೆಗೆ ತಳ್ಳುವುದು ಸ್ವಭಾವ. ಈ ಎರಡರ ಜಗಳ ಬಿಡಿಸಲು ಹಿರಿಯರು ಕಂಡುಕೊಂಡ ದಾರಿ ಸರಳವಾದದ್ದು: ಐದಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, ಎಲ್ಲರೂ ಏಣಿಯಣ್ಣ ಎಂದು ಕರೆಯುವ ಸಭೆಯ ನೌಕರರೊಬ್ಬರು ಏಣಿ ತಂದು, ಹತ್ತಿ, ಗಡಿಯಾರದ ಸೆಲ್ ತೆಗೆದು ಜೇಬಿಗೆ ಹಾಕಿಕೊಂಡು ಇಳಿಯುತ್ತಾರೆ. ಆ ಸೆಲ್ ಅವರ ಜೇಬಿನಲ್ಲಿರುವಷ್ಟು ಕಾಲವೂ ಐದಾಗುವುದಿಲ್ಲ. ಶಾಸಕರ ಭತ್ಯೆ ಹೆಚ್ಚಿಸುವ ಮಸೂದೆ ಹೀಗೆಯೇ ಐದಕ್ಕೆ ಹತ್ತು ನಿಮಿಷ ಇರುವಾಗ ಶುರುವಾಗಿ, ಹೊರಗೆ ಬೀದಿದೀಪ ಹೊತ್ತಿದ ಮೇಲೂ ಚರ್ಚೆ ನಡೆದು, ಐದಕ್ಕೆ ಹತ್ತು ನಿಮಿಷ ಇರುವಾಗಲೇ ಪಾಸಾಗಿತ್ತಂತೆ. ಸಭೆಯ ಗೋಡೆ ಗಡಿಯಾರ ತೋರಿಸಿದ್ದೇ ಸಮಯ; ಸದಸ್ಯರ ಕೈಗಡಿಯಾರ, ಕಿಟಕಿಯಾಚೆಯ ಸೂರ್ಯ, ಸ್ವಂತ ಹೊಟ್ಟೆಯ ಹಸಿವು, ಯಾವುದೂ ಪುರಾವೆಯಲ್ಲ ಎಂದು ಸಭಾಧ್ಯಕ್ಷರ ತೀರ್ಪೇ ಇದೆ. ಹಳೆಯ ಗಡಿಯಾರ ಎಂಥ ಸಂಭಾವಿತ, ಎಂಥ ಹೊಂದಿಕೊಳ್ಳುವ ಜೀವ ಎಂಬುದು ನಮಗೆ ಆಮೇಲೆ ಅರ್ಥವಾಯಿತು. ಅದನ್ನು ಅಷ್ಟರಲ್ಲಿ ಹರಾಜಿನಲ್ಲಿ ಮಾರಿಯಾಗಿತ್ತು.

ಕೊನೆಯ ದಿನ ತಾವೂ ಅಲ್ಲಿದ್ದಿರಿ, ನಾನೂ ಮೇಲಿನ ಗ್ಯಾಲರಿಯಲ್ಲಿದ್ದೆ. ನಮ್ಮ ಮಸೂದೆಗೆ ಆಡಳಿತ ಪಕ್ಷ ಒಪ್ಪಿತ್ತು, ವಿರೋಧ ಪಕ್ಷ ಒಪ್ಪಿತ್ತು, ಯಾವ ಪಕ್ಷವೆಂದು ತಮಗೇ ಗೊತ್ತಿಲ್ಲದ ಇಬ್ಬರು ಕೂಡ ಒಪ್ಪಿದ್ದರು. ಎಲ್ಲರೂ ಒಪ್ಪಿದ ಮಸೂದೆಯಾದ್ದರಿಂದಲೇ, ಅವಸರವೇನಿದೆ, ಹೇಗೂ ಗಡಿಯಾರ ನಿಲ್ಲಿಸುತ್ತೇವಲ್ಲ ಎಂದು ಅದನ್ನು ಪಟ್ಟಿಯ ಕೊನೆಗೆ ಹಾಕಿದ್ದರು. ಬೆಳಗಿನಿಂದ ಕ್ಯಾಂಟೀನಿನ ಕುರ್ಚಿಗಳಿಗೆ ಯಾವ ಬಣ್ಣದ ದಿಂಬು ಎಂಬ ಚರ್ಚೆ ನಡೆಯಿತು. ನಮ್ಮ ಸರದಿ ಬಂದಾಗ ನಾಲ್ಕೂವರೆ. ಹಿಂದಿನ ಬೆಂಚಿನಲ್ಲಿ ಕೂರುವ ದಪ್ಪ ಕನ್ನಡಕದ ಸದಸ್ಯರು ಎದ್ದು, ಸೂರ್ಯನೆಂದರೇನು, ಅವನು ತಮ್ಮ ಬಾಲ್ಯದಲ್ಲಿ ಹೇಗಿದ್ದ, ಈಗ ಹೇಗಾಗಿದ್ದಾನೆ ಎಂದು ಶುರುಮಾಡಿ, ನಮ್ಮ ಸಮಿತಿಯ ಹೋರಾಟವನ್ನೂ ನನ್ನ ಅಕ್ಷರಗಳನ್ನೂ ಬಾಯ್ತುಂಬ ಹೊಗಳಿದರು. ನಾನು ಎದೆ ಉಬ್ಬಿಸಿಕೊಂಡು ಕೇಳುತ್ತಿದ್ದೆ. ಇನ್ನೂ ಹೊಗಳಲಿ ಎಂದೇ ಅನ್ನಿಸುತ್ತಿತ್ತು.

ಐದಕ್ಕೆ ಹತ್ತು ನಿಮಿಷವಿದ್ದಾಗ ಸಭಾಧ್ಯಕ್ಷರು ಏಣಿಯಣ್ಣನಿಗೆ ಕಣ್ಣು ಮಾಡಿದರು. ಏಣಿಯಣ್ಣ ಹತ್ತಿದರು. ತಮ್ಮ ಬೆನ್ನು ತಡವಿದರು. ಪಕ್ಕೆ ತಡವಿದರು. ಮಗುವಿನ ಜ್ವರ ನೋಡುವವರ ಹಾಗೆ ಹಣೆ ಮುಟ್ಟಿದರು. ಆಮೇಲೆ ಕೆಳಗೆ ತಿರುಗಿ, ಇಡೀ ಸಭೆಗೆ ಕೇಳುವಂತೆ, “ಸ್ವಾಮಿ, ಇದಕ್ಕೆ ಸೆಲ್ಲೇ ಇಲ್ಲ!” ಎಂದರು.

ಮುಂದಿನ ಹತ್ತು ನಿಮಿಷ ತಾವು ನಡೆದುಕೊಂಡ ರೀತಿಯ ಬಗ್ಗೆ ನಾನು ಇಲ್ಲಿ ಬರೆಯಲೇಬೇಕು, ಏಕೆಂದರೆ ದೂರಿನ ಜೀವಾಳ ಅದೇ. ಒಡೆದುಹಾಕಿ ಎಂದು ಒಬ್ಬರು ಕೂಗಿದರು. ಸಭೆಯ ಆಸ್ತಿಯನ್ನು ಸಭೆ ನಡೆಯುವಾಗ ಒಡೆದರೆ ಹಕ್ಕುಚ್ಯುತಿ ಎಂದು ಇನ್ನೊಬ್ಬರು ಎದ್ದರು. ಗೋಡೆಯಿಂದ ಇಳಿಸಿ ಎಂದರು. ಇಳಿಸಿದರೆ ಸಭೆಗೆ ಸಮಯವೇ ಇರುವುದಿಲ್ಲ, ಸಮಯವಿಲ್ಲದೆ ಸಭೆಯಿಲ್ಲ ಎಂದು ಕಾರ್ಯದರ್ಶಿಗಳು ಕಡತ ತೆಗೆದರು. ದೀಪ ಆರಿಸಿ ಎಂದರು; ದೀಪ ಆರಿಸಿ ಕಿಟಕಿಗಳ ಪರದೆ ಎಳೆದರು; ಕತ್ತಲಲ್ಲಿ ಯಾರೋ ಯಾರದೋ ಕಾಲು ತುಳಿದರು, ತಾವು ಟಿಕ್ ಟಿಕ್ ಎನ್ನುತ್ತಲೇ ಇದ್ದಿರಿ. ಕೊನೆಗೆ ಮೇಜಿನ ಹಸಿರು ಹಾಸನ್ನು ಎಳೆದು ಏಣಿಯಣ್ಣ ತಮ್ಮ ಮುಖಕ್ಕೆ ಮುಚ್ಚಿದರು. ಕಾಣದ ಸಮಯ ಸಮಯವೇ ಅಲ್ಲ, ಆದ್ದರಿಂದ ಇನ್ನೂ ಐದಾಗಿಲ್ಲ ಎಂದು ಇಂಧನ ಮಂತ್ರಿಗಳು ವಾದ ಹೂಡಿದರು. ಎಂಥ ಒಳ್ಳೆಯ ವಾದ! ವಿರೋಧ ಪಕ್ಷದವರು ಕೂಡ ಮೇಜು ತಟ್ಟಿದರು. ಮಂತ್ರಿಗಳು ಮಸೂದೆಯ ಕೊನೆಯ ಪುಟ ತಿರುಗಿಸಿದರು, ಸಭಾಧ್ಯಕ್ಷರು ಮತಕ್ಕೆ ಹಾಕಲು ಬಾಯಿ ತೆರೆದರು, ನಾನು ಗ್ಯಾಲರಿಯ ಕಂಬಿ ಹಿಡಿದು ಅರ್ಧ ಎದ್ದೆ.

ಆಗ ತಾವು ಹಾಸಿನ ಒಳಗಿಂದ, ಸ್ಪಷ್ಟವಾಗಿ, ಬಿಡಿಬಿಡಿಯಾಗಿ, ಒಂದೂ ಕಡಿಮೆ ಮಾಡದೆ, ಐದು ಹೊಡೆದಿರಿ.

ಸ್ವಾಮೀ, ನಾಲ್ಕಕ್ಕೇ ನಿಲ್ಲಿಸಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಕೆಮ್ಮು ಬಂದಿದೆ ಎಂದು ಸುಮ್ಮನಿರಬಹುದಿತ್ತಲ್ಲ? ಸಭೆಯ ಶೀಘ್ರಲಿಪಿಕಾರರು ಹೊಡೆತಗಳನ್ನು ಒಂದೊಂದಾಗಿ ದಾಖಲಿಸಿದರು, ಸಭಾಧ್ಯಕ್ಷರು ತೆರೆದ ಬಾಯನ್ನು ಮುಚ್ಚಿದರು, ಮಸೂದೆ ಬಿತ್ತು. ಸೌರಶಕ್ತಿಯ ಮಸೂದೆಯನ್ನು ಬೀಳಿಸಿದ್ದು ಕಲ್ಲಿದ್ದಲಿನವರಲ್ಲ, ಡೀಸೆಲಿನವರಲ್ಲ, ಸೌರಶಕ್ತಿಯೇ. ಇದನ್ನು ನಾನು ಎಲ್ಲಿ ಹೋಗಿ ಹೇಳಿಕೊಳ್ಳಲಿ? ನಮ್ಮ ವಿರೋಧಿಗಳು ಸಿಹಿ ಹಂಚಿದರಂತೆ, ಡಾಕ್ಟರಿಗೂ ಒಂದು ಪೊಟ್ಟಣ ಕಳಿಸಿದ್ದರು. ಹಲ್ಲು ಹಾಳಾದರೆ ತಮಗೇ ಗಿರಾಕಿ ಎಂಬ ಚೀಟಿ ಬೇರೆ ಇಟ್ಟಿದ್ದರು.

ಆ ಸಂಜೆ ಮನೆಗೆ ಬಂದೆ. ಕರೆಂಟ್ ಹೋಗಿತ್ತು. ಅತ್ತಿಗೆ ಇದೇ ಜಾಗದಲ್ಲಿ, ಇದೇ ಕಂಬಳಿ ಹೊದ್ದು, ಎರಡು ತಟ್ಟೆಗಳನ್ನು ಒಬ್ಬರೇ ತಬ್ಬಿಕೊಂಡು ಕೂತಿದ್ದರು. ಮಸೂದೆ ಏನಾಯಿತು ಎಂದು ಕೇಳಲಿಲ್ಲ, ನನ್ನ ಮುಖ ನೋಡಿದರು. “ಹೋಗ್ಲಿ ಬಿಡಪ್ಪ. ಕೈ ತೊಳ್ಕೊಂಡು ಬಂದು ಈ ತಟ್ಟೆ ಹಿಡ್ಕೊ” ಎಂದರು. ಆ ಎರಡು ತಟ್ಟೆಗಳಲ್ಲಿ ಮರಿಯಾದದ್ದು ನಾಲ್ಕೇ ನಾಲ್ಕು. ಉಳಿದವನ್ನು ಅವರು ಹಿತ್ತಲಿಗೆ ಒಯ್ದು ಹೂತು ಬಂದು, ತಟ್ಟೆಗಳನ್ನು ಉಜ್ಜಿ ಉಜ್ಜಿ ತೊಳೆದರು. ಇನ್ನೊಂದೇ ಒಂದು ತಟ್ಟೆ ಇಡುತ್ತೇನೆ, ಅದೂ ಹೀಗಾದರೆ ಪೆಟ್ಟಿಗೆ ಮಾರಿಬಿಡುತ್ತೇನೆ ಎಂದರು. ಬೆನ್ನು ತಿರುಗಿಸಿಕೊಂಡೇ ಹೇಳಿದರು. ನನಗೆ ಅಳು ಬಂತು, ಮಾನ್ಯರೇ. ಅಣಕದ ಮಾತಲ್ಲ ಇದು. ಅವರು ಹೇಳಿದ ಆ ಒಂದು ತಟ್ಟೆಯೇ ಈಗ ನನ್ನ ತೊಡೆಯ ಮೇಲಿರುವುದು.

ಆಮೇಲಿನ ಕತೆ ತಮಗೆ ಗೊತ್ತೇ ಇದೆ. ವರ್ಷಗಟ್ಟಲೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬರದ ಶಾಸಕರು, ತಮ್ಮನ್ನು ಗೋಡೆಯಿಂದ ಇಳಿಸುವ ವಿಷಯದಲ್ಲಿ ಒಂದೇ ಉಸಿರಿಗೆ ಒಂದಾದರು. ಸರಕಾರಿ ಜೀಪಿನಲ್ಲಿ, ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತು, ತಾವು ನಮ್ಮ ಕಟ್ಟಡಕ್ಕೆ ಬಂದಿರಿ. ಜೊತೆಗೆ ಒಂದು ಕಾಗದವೂ ಬಂತು: ತಮ್ಮ ಕಾರ್ಯವೈಖರಿ ಸಭೆಯ ಘನ ಪರಂಪರೆಗೆ ಹೊಂದುವುದಿಲ್ಲ, ಗೋಡೆ ಬರಿದಾಗಿರುವುದರಿಂದ ಹೊಸ ಅಧಿವೇಶನಕ್ಕೆ ಮುಂಚೆ ‘ನಿಲ್ಲುವ ಸೌಲಭ್ಯವುಳ್ಳ’ ಬೇರೊಂದು ಗಡಿಯಾರವನ್ನು ಸಮಿತಿಯೇ ಒದಗಿಸಿಕೊಡಬೇಕು ಎಂದು. ಒದಗಿಸಿದ್ದೇವೆ. ಅದರ ಗುಣಗಾನ ಮಾಡಿ ತಮಗೆ ಹೊಟ್ಟೆಕಿಚ್ಚು ಬರಿಸುವ ಇರಾದೆ ನನಗಿಲ್ಲವಾದ್ದರಿಂದ ಆ ವಿಷಯ ಇಲ್ಲಿಗೇ ಬಿಡುತ್ತೇನೆ. ಹೊಸ ಅಧಿವೇಶನ ಇವತ್ತೇ ಶುರುವಾಗಿದೆ. ನಾವು ಯಾರೂ ಹೋಗಿಲ್ಲ. ಹೋಗಿ ಗ್ಯಾಲರಿಯಲ್ಲಿ ಕೂತರೆ ಯಾರಾದರೂ ಮತ್ತೆ ಹೊಗಳಿಯಾರು ಎಂಬ ಭಯ.

ಇನ್ನು ನಮ್ಮ ಬೇಡಿಕೆಗಳು. ತಾವು ದಯವಿಟ್ಟು ಆ ದಿನದ ಐದಕ್ಕೆ ಹತ್ತು ನಿಮಿಷಕ್ಕೆ ಹಿಂತಿರುಗಿ, ಮಂತ್ರಿಗಳು ಪುಟ ತಿರುಗಿಸಿ ಮುಗಿಸುವ ತನಕ ಅಲ್ಲೇ ಕಾಲಾಡಿಸಿಕೊಂಡಿದ್ದು ಬರಬೇಕೆಂದು ಸಮಿತಿ ಒಕ್ಕೊರಲಿನಿಂದ ಕೋರುತ್ತದೆ. ಅದು ಸಾಧ್ಯವಿಲ್ಲದಿದ್ದರೆ ಕೊನೆಯ ಪಕ್ಷ ವಾರಕ್ಕೊಮ್ಮೆ ತಲೆನೋವೆಂದು ಮಲಗುವ ಅಭ್ಯಾಸ ಮಾಡಿಕೊಳ್ಳಬೇಕು. ಸರಕಾರಿ ಕಚೇರಿಗಳ ಗಡಿಯಾರಗಳನ್ನು ಹೋಗಿ ನೋಡಿ ಕಲಿಯಲು ತಮಗೊಂದು ಅಧ್ಯಯನ ಪ್ರವಾಸ ಏರ್ಪಡಿಸಲು ಸಿದ್ಧರಿದ್ದೇವೆ. ಅಲ್ಲಿ ಹತ್ತಾದರೂ ಹತ್ತಾಗದಿರುವ, ಊಟದ ಹೊತ್ತು ಮಾತ್ರ ಮುಂಚೆಯೇ ಆಗುವ ವಿದ್ಯೆಯಲ್ಲಿ ಪಳಗಿದವರಿದ್ದಾರೆ. ಇಷ್ಟೂ ಆಗದಿದ್ದರೆ, ತಮ್ಮ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿರುವ ಬಿಸಿಲಿನಲ್ಲಿ ಒಂದು ಚಿಟಿಕೆಯನ್ನು ಕೆಳಗಿನ ಈ ತಟ್ಟೆಗೆ ಇಳಿಸಿಕೊಡಿ. ಬಾಡಿಗೆದಾರರು ಬಿಸಿಲು ಹಂಚಿಕೊಳ್ಳುವುದು ಅಪರಾಧವೆಂದು ಗೊತ್ತು. ನಾವು ಯಾರಿಗೂ ಹೇಳುವುದಿಲ್ಲ.

ಹಾಗೆಂದು ತಮ್ಮ ಮೇಲೆ ದ್ವೇಷವೆಂದು ತಿಳಿಯಬೇಡಿ. ಬೀದಿಯಲ್ಲೆಲ್ಲ ಫ್ಯಾನು ನಿಂತು, ಡಾಕ್ಟರ ಯಂತ್ರ ನಿಂತು, ಕಾವಿನ ಪೆಟ್ಟಿಗೆ ತಣ್ಣಗಾದಾಗ, ನಡೆಯುತ್ತಿರುವುದು ತಾವೊಬ್ಬರೇ. ಮೊಟ್ಟೆ ತಿರುಗಿಸುವ ಹೊತ್ತನ್ನು ಅತ್ತಿಗೆ ತಮ್ಮನ್ನು ನೋಡಿಯೇ ಹಿಡಿಯುತ್ತಾರೆ. ನನಗಿಂತ ತಮ್ಮ ಮೇಲೆ ಅವರಿಗೆ ಭರವಸೆ ಹೆಚ್ಚು. ಅದು ನನಗೆ ಇಷ್ಟವಿಲ್ಲ, ಆದರೆ ನಿಜ.

ತಮ್ಮ ನೇರ ಕೆಳಗೆ ಕೂತಿರುವ,
ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಮೇಲ್ಮಹಡಿ ಬಿಸಿಲು ಹೋರಾಟ ಸಮಿತಿ
(ತಟ್ಟೆಯಿಂದಾಗಿ ಎದ್ದು ನಿಂತು ಸಹಿ ಮಾಡಲಾಗಿಲ್ಲ)

ಮರೆತ ಮಾತು: ತಾವು ಈಗ ತಾನೇ ಏಳು ಹೊಡೆದಿರಿ, ಕರೆಂಟ್ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಏಣಿಯಣ್ಣನ ಫೋನ್ ಬಂತು, ಆದ್ದರಿಂದ ಹೊಸ ಗಡಿಯಾರದ ವಿಷಯ ಮುಚ್ಚಿಡುವುದು ತಪ್ಪಾಗುತ್ತದೆ. ಅದು ಪ್ಲಗ್ಗಿಗೆ ಹಾಕಿ ನಡೆಸುವ ಗಡಿಯಾರ, ಕರೆಂಟ್ ಇದ್ದರೆ ನಡೆಯುತ್ತದೆ, ಹೋದರೆ ನಿಲ್ಲುತ್ತದೆ. ನಿಲ್ಲಿಸಲು ಏಣಿಯೂ ಬೇಡ. ಏಣಿಯಣ್ಣ ಅದನ್ನು ಬಾಗಿಲ ಪಕ್ಕದ, ನೆಲ ತೊಳೆಯುವ ಯಂತ್ರದ ಪ್ಲಗ್ಗಿಗೆ ಹಾಕಿದ್ದಾರೆ. ಸಭಾಭವನದಲ್ಲಿ ಜನರೇಟರಿಗೆ ಸೇರದ ಪ್ಲಗ್ ಅದೊಂದೇ, ಅದಕ್ಕೆ ಬರುವುದು ನಮ್ಮ ಬೀದಿಯ ಲೈನು. ಅಲ್ಲಿ ದೀಪ, ಫ್ಯಾನು ಎಲ್ಲ ಧಾರಾಳವಾಗಿ ನಡೆಯುತ್ತಿದ್ದು, ಗಡಿಯಾರ ಮಾತ್ರ ಮೂರೂವರೆಯಲ್ಲಿ ನಿಂತಿದೆಯಂತೆ. ಐದಾಗದೆ ಸಭೆ ಏಳುವ ಹಾಗಿಲ್ಲ. ಸಭೆ ನಡೆಯುವಾಗ ಮುಳ್ಳು ತಿರುಗಿಸುವ ಹಾಗಿಲ್ಲ, ವೈರು ಬೇರೆ ಪ್ಲಗ್ಗಿಗೆ ಎಟುಕುವುದಿಲ್ಲ. ಕೈಗಡಿಯಾರ, ಸೂರ್ಯ, ಹಸಿವು ಯಾವುದೂ ಪುರಾವೆಯಲ್ಲ. ದಿಂಬಿನ ಚರ್ಚೆಯೂ ಮುಗಿದು, ಹೇಳಲು ಯಾರ ಬಳಿಯೂ ಮಾತು ಉಳಿಯದೆ, ಇಂಧನ ಮಂತ್ರಿಗಳು ಆಕಳಿಸುತ್ತಾ “ಹೇಗೂ ಕೂತಿದ್ದೀವಲ್ಲ, ಆ ಬಿಸಿಲಿನ ಮಸೂದೆನಾದ್ರೂ ತಗೊಂಡ್ಬನ್ನಿ” ಎಂದರಂತೆ. ಕರೆಂಟಿನ ಕಚೇರಿಯವರಿಗೆ ಫೋನ್ ಮಾಡಿ ಬೇಗ ಕರೆಂಟ್ ಕೊಡಿ ಎಂದು ಗೋಗರೆಯುವುದು ನನ್ನ ದಿನನಿತ್ಯದ ಕೆಲಸ. ಇವತ್ತು ಕೂಡ ಫೋನ್ ಎತ್ತಿಕೊಂಡಿದ್ದೆ. ಅತ್ತಿಗೆ ನನ್ನ ತೊಡೆಯಿಂದ ತಟ್ಟೆ ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು, ಕಂಬಳಿ ಎಳೆದುಕೊಂಡು ಹೇಳಿದರು: “ಇಡೋ ಫೋನ್ ಕೆಳಗೆ. ಅವರೂ ಕೂತಿರ್ಲಿ, ನಾನೂ ಕೂತಿರ್ತೀನಿ. ಯಾರ ಮರಿ ಮೊದಲು ಹೊರಗೆ ಬರುತ್ತೋ ನೋಡೇಬಿಡೋಣ.”